ಆಡುವುದು ನಿಂತ ಮೇಲೆ ಆಟಗಾರ ಎಲ್ಲಿಗೆ ಹೋಗಬೇಕು?

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ, ತಾಳಿಕೋಟೆ, ನಾಲತವಾಡದ ಕಡೆ ಜಾತ್ರೆಗೋ ಉರುಸಿಗೋ ಕಬಡ್ಡಿ ಪಂದ್ಯ ಇಟ್ಟರೆ ಸುಣ್ಣದ ಗೆರೆಯ ಹೊರಗೆ ಒಬ್ಬ ಮನುಷ್ಯ ನಿಂತೇ ಇರುತ್ತಾನೆ. ವಯಸ್ಸು ಮೂವತ್ತೈದರ ಆಜುಬಾಜು. ಒಂದು ಮೊಣಕಾಲಿಗೆ ನೀಕ್ಯಾಪ್. ಆಡುವ ಹುಡುಗರು ಸುಸ್ತಾಗುವ ಮೊದಲೇ ಅವನ ಗಂಟಲು ಕೂತಿರುತ್ತದೆ. ‘ಕೈ ನೋಡಬ್ಯಾಡೋ ತಮ್ಮಾ, ಕಾಲ್ ನೋಡು. ಅಂವ ಎಡಕ್ಕ ತಿರುಗಾಂವ ಅದಾನ. ಬಲಗಾಲ್ ಎತ್ತಿದ ಕೂಡಲೇ ಹಿಡಿ.’ ಹುಡುಗ ಹಿಡಿಯುತ್ತಾನೆ. ಚಪ್ಪಾಳೆ ಹುಡುಗನಿಗೆ ಬೀಳುತ್ತದೆ.

ಈ ಮನುಷ್ಯನನ್ನು ಯಾರೂ ನೇಮಿಸಿಲ್ಲ. ಹತ್ತು ವರ್ಷದ ಹಿಂದೆ ಇವನೇ ಊರ ತಂಡದ ಮುಖ್ಯ ರೈಡರ್. ಜಿಲ್ಲಾ ಮಟ್ಟಕ್ಕೂ ಆಡಿರಬಹುದು, ವಿಶ್ವವಿದ್ಯಾಲಯದ ತಂಡಕ್ಕೂ ಆಯ್ಕೆಯಾಗಿರಬಹುದು. ಮರುದಿನ ಬೆಳಿಗ್ಗೆ ಅವನು ಟಂಟಂ ಓಡಿಸಲು ಹೋಗುತ್ತಾನೆ, ಗೊಬ್ಬರದ ಅಂಗಡಿಯಲ್ಲಿ ಚೀಲ ಎಣಿಸುತ್ತಾನೆ. ಮಳೆ ಕೈಕೊಟ್ಟ ವರ್ಷ ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿಬಿಡುತ್ತಾನೆ. ಅವನ ಜತೆ ಇಪ್ಪತ್ತು ವರ್ಷದ ಅನುಭವವೂ ಗುಳೆ ಹೋಗುತ್ತದೆ. ತಾಲ್ಲೂಕಿಗೆ ಇದೊಂದು ನಷ್ಟ ಎಂದು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ.

ಇಂಥವರಿಗೆ ಹುದ್ದೆ ಬೇಕು, ತಿಂಗಳು ತಿಂಗಳು ಸಂಬಳ ಬೇಕು. ಹುಡುಗರಿಗೆ ಜೆರ್ಸಿ, ಕಪ್, ಫ್ಲೆಕ್ಸ್ ಮಾಡಿಸುವ ದುಡ್ಡಿಗಿಂತ ಇದು ಮುಖ್ಯ. ಹಾಗೇಕೆ ಎನ್ನುವುದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ರಾಜ್ಯದವರೇ ಆದ ಬಿ.ಸಿ. ರಮೇಶ್ ಅವರ ಎರಡನೇ ಇನಿಂಗ್ಸ್ ನೋಡಿದರೆ ಸಾಕು.

ರಮೇಶ್ ಅವರಿಗೆ ಕಬಡ್ಡಿಗಾಗಿ ಅರ್ಜುನ ಪ್ರಶಸ್ತಿ ಬಂದದ್ದು 2001ರಲ್ಲಿ. ಅದರ ಹಿಂದಿನ ವರ್ಷದ ಅರ್ಜುನವೂ ಕರ್ನಾಟಕಕ್ಕೇ, ಸಿ. ಹೊನ್ನಪ್ಪ ಅವರಿಗೆ ಬಂದಿತ್ತು. ಎರಡು ವರ್ಷ ಸಾಲಾಗಿ ಕನ್ನಡಿಗರು ದೇಶದ ಅತ್ಯುತ್ತಮ ಕಬಡ್ಡಿಪಟುಗಳೆನಿಸಿದರೂ ಆಗ ಸುದ್ದಿ ಪತ್ರಿಕೆಯ ಕ್ರೀಡಾಪುಟದ ಮೂಲೆಯಲ್ಲಿತ್ತು. ಪ್ರೊ ಕಬಡ್ಡಿ ಲೀಗ್ ಹುಟ್ಟಲು ಇನ್ನೂ 13 ವರ್ಷ ಬಾಕಿ. ಆ ಕಾಲದ ಕಬಡ್ಡಿ ಆಟಗಾರನಿಗೆ ‘ವೃತ್ತಿ’ ಎಂದರೆ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಕ್ರೀಡಾ ಕೋಟಾದ ನೌಕರಿ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಕೌಂಟರ್. ಆಟಕ್ಕೆ ಸಂಬಳವಿರಲಿಲ್ಲ, ಆಟದಿಂದ ಸಂಬಳದ ಕೆಲಸ ಸಿಗುತ್ತಿತ್ತು. ಆ ನೌಕರಿಯೂ ಸಿಗದವರು ಎಲ್ಲಿ ಹೋದರು ಎಂಬುದನ್ನು ಮೇಲೆ ಹೇಳಿಯಾಗಿದೆ.

2014ರಲ್ಲಿ ಎಂಟು ತಂಡಗಳೊಂದಿಗೆ ಲೀಗ್ ಶುರುವಾದಾಗ ಮೊದಲ ಹರಾಜಿನ ಅತಿ ದೊಡ್ಡ ಬೆಲೆ ರಾಕೇಶ್ ಕುಮಾರ್ ಅವರದು: 12.80 ಲಕ್ಷ ರೂಪಾಯಿ. ಒಂಬತ್ತು ವರ್ಷ ಕಳೆದು ಹತ್ತನೇ ಆವೃತ್ತಿಯ ಹರಾಜಿನಲ್ಲಿ ಪವನ್ ಸೆಹ್ರಾವತ್ ಎರಡೂವರೆ ಕೋಟಿ ದಾಟಿದರು. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿಗೆ ಪುಣೇರಿ ಪಲ್ಟನ್ 2.35 ಕೋಟಿ ಕೊಟ್ಟಿತು. ಈ ಅಂಕಿಗಳು ನಮ್ಮ ಕಡೆಯ ಹುಡುಗರಿಗೆ ಬಾಯಿಪಾಠ. ಅದೇ ತಂಡದ ಬೆಂಚಿನ ಮೇಲೆ ಕೂತ ಕೋಚ್ ಯಾರು ಎಂದು ಕೇಳಿದರೆ ಅರ್ಧದಷ್ಟು ಹುಡುಗರು ತಲೆ ಕೆರೆದುಕೊಳ್ಳುತ್ತಾರೆ.

ಆ ಬೆಂಚಿನಲ್ಲಿ ಇದ್ದವರು ರಮೇಶ್. ಲೀಗ್ ಬರುವಷ್ಟರಲ್ಲಿ ಅವರ ಆಟದ ದಿನಗಳು ಮುಗಿದಿದ್ದವು. ಹರಾಜಿನ ಕೋಟಿ ಅವರ ಪಾಲಿಗಿರಲಿಲ್ಲ. ಆದರೆ ಕೋಚ್ ಕೆಲಸದಲ್ಲಿ ಅವರು ಮಾಡಿದ್ದನ್ನು ನೋಡಿ. ಆರನೇ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ತಂಡದಲ್ಲಿ ಮುಖ್ಯ ಕೋಚ್ ರಣಧೀರ್ ಸಿಂಗ್ ಜತೆಗಿದ್ದರು. 2019ರ ಜನವರಿ 5ರಂದು ಮುಂಬೈಯಲ್ಲಿ ಬುಲ್ಸ್ ಗುಜರಾತ್ ತಂಡವನ್ನು 38–33ರಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದಿತು. ಆ ರಾತ್ರಿ ಪವನ್ ಒಬ್ಬರೇ 22 ಪಾಯಿಂಟ್ ತಂದರು. ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಾಲ್ ವಾರಿಯರ್ಸ್. 2024ರ ಮಾರ್ಚಿನಲ್ಲಿ ಪುಣೇರಿ ಪಲ್ಟನ್. ಮೂರು ಬೇರೆ ಬೇರೆ ತಂಡಗಳ ಜತೆ ಮೂರು ಕಪ್.

ಪವನ್ ಅಂಥ ಆಟಗಾರ ಇದ್ದಾಗ ಗೆಲ್ಲುವುದು ಒಂದು ಬಗೆ. ಬೆಂಗಾಲ್ ಫೈನಲ್ ಬೇರೆಯೇ. ನಾಯಕ ಮಣಿಂದರ್ ಸಿಂಗ್, ಆ ತಂಡದ ರೈಡಿಂಗಿನ ಬೆನ್ನೆಲುಬು, ಗಾಯಗೊಂಡು ಹೊರಗುಳಿದಿದ್ದರು. ಎದುರಿಗೆ ದಬಂಗ್ ಡೆಲ್ಲಿ, ಅವರಲ್ಲಿ ನವೀನ್ ಕುಮಾರ್. ಅಹಮದಾಬಾದಿನಲ್ಲಿ ಬೆಂಗಾಲ್ ಆರಂಭದಲ್ಲೇ ಹಿಂದೆ ಬಿತ್ತು. ಆಮೇಲೆ ಇರಾನಿನ ಮೊಹಮ್ಮದ್ ನಬೀಬಕ್ಷ್ ಹತ್ತು ಪಾಯಿಂಟ್ ತಂದರು, ಉಳಿದವರು ಸ್ವಲ್ಪ ಸ್ವಲ್ಪ ಹಂಚಿಕೊಂಡರು. ಪಂದ್ಯ 39–34ಕ್ಕೆ ಮುಗಿಯಿತು. ಮುಖ್ಯ ರೈಡರ್ ಇಲ್ಲದ ದಿನ ಯಾರು ಯಾವಾಗ ರೈಡ್‌ಗೆ ಹೋಗಬೇಕು ಎಂದು ಪ್ರತಿ ನಿಮಿಷ ಗುಣಿಸುವವನು ಬೆಂಚಿನಲ್ಲಿ ಇರಬೇಕಾಗುತ್ತದೆ.

ಕಬಡ್ಡಿ ಗೊತ್ತಿಲ್ಲದವರಿಗೆ ಇದು ಬರೀ ಜಗ್ಗಾಟದ ಆಟ. ಮ್ಯಾಟಿನ ಮೇಲಿನ ಲೆಕ್ಕ ಬೇರೆ. ಒಂದು ರೈಡಿಗೆ 30 ಸೆಕೆಂಡ್. ಎರಡು ರೈಡ್ ಸಾಲಾಗಿ ಖಾಲಿ ಬಂದರೆ ಮೂರನೆಯದು ಡೂ ಆರ್ ಡೈ: ಪಾಯಿಂಟ್ ತರದಿದ್ದರೆ ರೈಡರ್ ಔಟ್. ಎದುರು ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್. ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ರೈಡರನ್ನು ಹಿಡಿದರೆ ಸೂಪರ್ ಟ್ಯಾಕಲ್, ಎರಡು ಪಾಯಿಂಟ್. ಈಗ ಒಂದು ತಂಡದಲ್ಲಿ ಮೂವರೇ ಉಳಿದಿದ್ದಾರೆ ಎನ್ನಿ. ಎದುರಾಳಿಗೆ ಆಲೌಟ್ ಮಾಡುವ ಆಸೆ. ಈ ಮೂವರಿಗೆ ಸೂಪರ್ ಟ್ಯಾಕಲ್ ಆಸೆ. ಎದುರಾಳಿ ರೈಡರ್ ಜಾಣನಾದರೆ ಒಳಗೆ ಬರುವುದೇ ಇಲ್ಲ. ಬಾಕ್ ಲೈನ್ ದಾಟಿ ಸುಮ್ಮನೆ ಸಮಯ ಕಳೆದು ಹೋಗುತ್ತಾನೆ. ಆಗ ಕಾರ್ನರ್ ಹುಡುಗ ತಾಳ್ಮೆ ಕಳೆದುಕೊಂಡು ಅರ್ಧ ಹೆಜ್ಜೆ ಮುಂದೆ ಬಂದರೆ ಕತೆ ಮುಗಿಯಿತು. ಆ ಅರ್ಧ ಹೆಜ್ಜೆಯನ್ನು ತಡೆಯುವುದನ್ನು ಹುಡುಗನಿಗೆ ಹನ್ನೆರಡನೇ ವಯಸ್ಸಿನಲ್ಲೇ ಕಲಿಸಬೇಕು. ಇಪ್ಪತ್ತೆರಡಕ್ಕೆ ಕಲಿಸಲು ಹೋದರೆ ಕಾಲು ಮಾತು ಕೇಳುವುದಿಲ್ಲ. ಹನ್ನೆರಡನೇ ವಯಸ್ಸಿನ ಹುಡುಗ ಇರುವುದು ಬೆಂಗಳೂರಿನ ಅಕಾಡೆಮಿಯಲ್ಲಲ್ಲ, ಢವಳಗಿಯ ಸರ್ಕಾರಿ ಶಾಲೆಯ ಬಯಲಿನಲ್ಲಿ.

ಪುಣೇರಿಯ ಕಪ್ ಬಂದದ್ದೂ ಹೀಗೆ ಹುಡುಗರನ್ನು ಬೆಳೆಸಿಯೇ. 2022ರ ಡಿಸೆಂಬರಿನ ಫೈನಲ್‌ನಲ್ಲಿ ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಇಬ್ಬರೂ ಗಾಯದಿಂದ ಹೊರಗಿದ್ದಾಗ ತಂಡ ಜೈಪುರಕ್ಕೆ 29–33ರಿಂದ ಸೋತಿತ್ತು. ರಮೇಶ್ ಅದೇ ಹುಡುಗರನ್ನು ಇಟ್ಟುಕೊಂಡರು. ಮುಂದಿನ ಆವೃತ್ತಿಯ 22 ಲೀಗ್ ಪಂದ್ಯಗಳಲ್ಲಿ ಪಲ್ಟನ್ ಸೋತದ್ದು ಎರಡೇ. ಹೈದರಾಬಾದಿನ ಫೈನಲ್‌ನಲ್ಲಿ ಎದುರಿಗೆ ಹರಿಯಾಣ ಸ್ಟೀಲರ್ಸ್. ಎರಡೂ ಕಡೆ ರಕ್ಷಣೆ ಗಟ್ಟಿ, ಪಾಯಿಂಟ್ ಹುಟ್ಟುವುದೇ ಕಷ್ಟವಾಗಿತ್ತು. ಮೊದಲಾರ್ಧದ ಕೊನೆಯ ಹೊತ್ತಿಗೆ ಪಂಕಜ್ ಮೋಹಿತೆ ಒಂದೇ ರೈಡಿನಲ್ಲಿ ನಾಲ್ಕು ಪಾಯಿಂಟ್ ಹೊತ್ತು ತಂದರು. ಕೊನೆಗೆ ಅಂತರ ಮೂರೇ: 28–25.

ಇಷ್ಟೆಲ್ಲ ಆದ ಮೇಲೂ ಕೋಚ್ ಕೆಲಸ ಸುಖದ್ದೇನಲ್ಲ. ಕಪ್ ಗೆದ್ದ ಮರು ಆವೃತ್ತಿಯಲ್ಲೇ ಬೆಂಗಾಲ್ ಪ್ಲೇಆಫ್ ಮುಟ್ಟಲಿಲ್ಲ. ಕಪ್ ಗೆದ್ದ ಮರುವರ್ಷ ಪುಣೆಯೂ ಮುಟ್ಟಲಿಲ್ಲ. 2025ಕ್ಕೆ ರಮೇಶ್ ಬೆಂಗಳೂರು ಬುಲ್ಸ್‌ಗೆ ಮುಖ್ಯ ಕೋಚ್ ಆಗಿ ಬಂದರು. ಹಿಂದಿನ ವರ್ಷ 22 ಪಂದ್ಯಗಳಲ್ಲಿ ಎರಡನ್ನೇ ಗೆದ್ದು ಕಟ್ಟಕಡೆಗೆ ಕೂತಿದ್ದ ತಂಡವದು. ಅದನ್ನು ಅವರು ಪ್ಲೇಆಫ್‌ಗೆ ಕೊಂಡೊಯ್ದರು.

ಆಟಗಾರನೇ ಕೋಚ್ ಆಗಿ ಇನ್ನಷ್ಟು ದೊಡ್ಡವನಾದ ಕತೆ ಕಬಡ್ಡಿಯದು ಮಾತ್ರವಲ್ಲ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ನೂರು ವರ್ಷದ ಹಿಂದೆ ಇದೇ ಹಂತದಲ್ಲಿತ್ತು. ಜೇಮ್ಸ್ ನೈಸ್ಮಿತ್ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ 1891ರ ಡಿಸೆಂಬರಿನಲ್ಲಿ ಆ ಆಟ ಕಟ್ಟಿದರು. ಐದೇ ವರ್ಷದಲ್ಲಿ, 1896ರಲ್ಲಿ, ಟ್ರೆಂಟನ್ ಊರಿನ ಹುಡುಗರು ಸಭಾಭವನವೊಂದನ್ನು ಬಾಡಿಗೆ ಹಿಡಿದು, ಟಿಕೆಟ್ ಇಟ್ಟು ಆಡಿ, ಉಳಿದ ದುಡ್ಡನ್ನು ಹಂಚಿಕೊಂಡರು. ತಲೆಗೆ 15 ಡಾಲರ್ ಬಂತು ಎಂಬುದು ಪ್ರಚಲಿತ ಕತೆ. ಅಂಗಳದ ಸುತ್ತ ತಂತಿ ಬಲೆ ಕಟ್ಟಿ ಆಡುತ್ತಿದ್ದ ಕಾಲವದು.

ಆ ದುಡಿಮೆಯ ಕಾಲದಲ್ಲಿ ಬೆಳೆದವರು ಜೋ ಲ್ಯಾಪ್ಚಿಕ್. ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ 1900ರಲ್ಲಿ ಹುಟ್ಟಿದ, ಚೆಕ್ ವಲಸಿಗರ ಮಗ. ಎತ್ತರ ಆರೂವರೆ ಅಡಿಯ ಹತ್ತಿರ. ಓದು ಬಿಟ್ಟು ಕಾರ್ಖಾನೆಗೆ ಸೇರಿ, ಸಂಜೆ ಪಂದ್ಯಕ್ಕಿಷ್ಟು ಎಂದು ಮಾತಾಡಿಕೊಂಡು ಆಡುತ್ತಿದ್ದರು. ಒಂದೇ ವಾರದಲ್ಲಿ ನಾಲ್ಕಾರು ತಂಡ. ಎರಡು ತಂಡದವರು ಅದೇ ರಾತ್ರಿಗೆ ಕರೆದರೆ ಹೆಚ್ಚು ಕೊಟ್ಟವರ ಕಡೆ. ನಮ್ಮ ಜಾತ್ರೆ ಪಂದ್ಯಗಳಿಗೆ ಜಮಖಂಡಿಯಿಂದಲೋ ಸೊಲ್ಲಾಪುರದಿಂದಲೋ ‘ಭಾಡಿಗಿ ಪ್ಲೇಯರ್’ ತರುವುದನ್ನು ಕಂಡವರಿಗೆ ಇದು ಹೊಸದಲ್ಲ. 1923ರಲ್ಲಿ ಲ್ಯಾಪ್ಚಿಕ್ ‘ಒರಿಜಿನಲ್ ಸೆಲ್ಟಿಕ್ಸ್’ ಸೇರಿದರು. ಆ ತಂಡದ ಆಟಗಾರರು ತಮಗೆ ತಾವೇ ಕೋಚ್. ಬಸ್ಸಿನಲ್ಲಿ, ರೈಲಿನಲ್ಲಿ ಊರೂರು ತಿರುಗುತ್ತ, ಆಡುತ್ತಲೇ ಹೊಸ ಪಟ್ಟುಗಳನ್ನು ಹುಟ್ಟಿಸಿದರು. ಬುಟ್ಟಿಗೆ ಬೆನ್ನು ಹಾಕಿ ನಿಂತು ಚೆಂಡನ್ನು ಸಹ ಆಟಗಾರರಿಗೆ ಹಂಚುವ ಪಿವಟ್ ಆಟ ಅವರ ಕೈಯಲ್ಲೇ ಪಕ್ವವಾದದ್ದು.

ಲ್ಯಾಪ್ಚಿಕ್ ಕಾಲೇಜಿನ ಮೆಟ್ಟಿಲನ್ನೇ ಹತ್ತಿರಲಿಲ್ಲ. ಆದರೂ 1936ರಲ್ಲಿ ನ್ಯೂಯಾರ್ಕಿನ ಸೇಂಟ್ ಜಾನ್ಸ್ ವಿದ್ಯಾಸಂಸ್ಥೆ ಅವರನ್ನು ಕರೆದು ಕೋಚ್ ಮಾಡಿತು. ಪದವಿ ಕೇಳಿ ಬಾಗಿಲು ಮುಚ್ಚಿದ್ದರೆ? ಅವರ ತಂಡ ರಾಷ್ಟ್ರೀಯ ಆಹ್ವಾನಿತ ಪಂದ್ಯಾವಳಿಯನ್ನು 1943, 1944, 1959, 1965ರಲ್ಲಿ ಗೆದ್ದಿತು. ನಡುವೆ ನ್ಯೂಯಾರ್ಕ್ ನಿಕ್ಸ್ ತಂಡವನ್ನು 1951ರಿಂದ ಮೂರು ವರ್ಷ ಸಾಲಾಗಿ ಎನ್‌ಬಿಎ ಫೈನಲ್‌ಗೆ ಒಯ್ದರು. ಕಪ್ಪು ಆಟಗಾರರಿಗೆ ಎನ್‌ಬಿಎ ಬಾಗಿಲು ತೆರೆದ 1950ರಲ್ಲಿ ನ್ಯಾಟ್ ಕ್ಲಿಫ್ಟನ್ ಸೇರಿದ್ದು ಅವರ ತಂಡಕ್ಕೇ. 65 ತುಂಬಿತೆಂದು ಸಂಸ್ಥೆ ನಿಯಮದ ಪ್ರಕಾರ ನಿವೃತ್ತಿ ಕೊಟ್ಟ ವರ್ಷವೂ ಅವರ ಹುಡುಗರು ಕಪ್ ಎತ್ತಿದ್ದರು. ಬ್ಯಾಸ್ಕೆಟ್‌ಬಾಲ್ ಸಂಘಟಿತ ಉದ್ಯಮವಾಗಿ ಬೆಳೆಯುವ ಮುಂಚೆ, ಬೀದಿ ಬದಿಯ ಸಭಾಭವನಗಳಲ್ಲಿ ಆಡಿದವರ ಅರಿವನ್ನು ಶಾಲೆ ಕಾಲೇಜುಗಳು ಸಂಬಳ ಕೊಟ್ಟು ಉಳಿಸಿಕೊಂಡವು. ಆ ದೇಶದ ಗೆಲುವಿನ ಗುಟ್ಟಿನಲ್ಲಿ ಇದೂ ಒಂದು. ಅಂಗಳ, ಬೂಟು, ದುಡ್ಡಿನ ಮಾತು ಎಲ್ಲರೂ ಆಡುತ್ತಾರೆ. ಈ ಮಾತು ಕೇಳಿಬರುವುದು ಅಪರೂಪ.

ಭಾರತದಲ್ಲಿ ಆ ಕೆಲಸ ಸ್ವಲ್ಪ ಮಟ್ಟಿಗೆ ನಡೆದದ್ದು ಪಿ.ಟಿ. ಮಾಸ್ತರರ ಮೂಲಕ. ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಿಂದ ಬಂದವರು ದಕ್ಷಿಣದ ಶಾಲೆಗಳಲ್ಲಿ ಆಟ ಬಿತ್ತಿದರು. ಇವತ್ತು ಹಳ್ಳಿ ಶಾಲೆಯ ಪಿ.ಟಿ. ಮಾಸ್ತರರ ಸ್ಥಿತಿ ಏನು? ಬಿಸಿಯೂಟದ ಲೆಕ್ಕ, ಚುನಾವಣೆ ಕೆಲಸ, ಗಣತಿ, ಪ್ರಾರ್ಥನೆಯ ಶಿಸ್ತು, ಆಗಸ್ಟ್ ಬಂತೆಂದರೆ ಕವಾಯತು. ವಲಯ ಮಟ್ಟದ ಕ್ರೀಡಾಕೂಟಕ್ಕೆ ಹತ್ತು ದಿನ ಮುಂಚೆ ತಂಡ ಕಟ್ಟಬೇಕು. ಅವರನ್ನು ದೂರಿ ಪ್ರಯೋಜನವಿಲ್ಲ. ಕಬಡ್ಡಿ, ಕೊಕ್ಕೊ, ವಾಲಿಬಾಲ್, ಓಟ, ಜಿಗಿತ ಎಲ್ಲವನ್ನೂ ಒಬ್ಬರೇ ಆಳವಾಗಿ ಕಲಿಸುವುದು ಆಗದ ಮಾತು.

ಪ್ರೊ ಕಬಡ್ಡಿ ಇದೆಯಲ್ಲ, ಚೆನ್ನಾಗಿ ಆಡಿದವರು ಅಲ್ಲಿಗೆ ಹೋಗಲಿ ಎನ್ನುವವರಿದ್ದಾರೆ. ಲೆಕ್ಕ ಮಾಡಿ. ಈಗ 12 ತಂಡಗಳಿವೆ. ಮುಖ್ಯ ಕೋಚ್, ಸಹಾಯಕ ಕೋಚ್ ಎಂದು ಹಿಡಿದರೂ ಇಡೀ ದೇಶಕ್ಕೆ ಇಪ್ಪತ್ತನಾಲ್ಕು ಕುರ್ಚಿ. ಅದರಲ್ಲಿ ಹರಿಯಾಣ, ಮಹಾರಾಷ್ಟ್ರದವರ ಪಾಲು ಕಳೆದರೆ ಕನ್ನಡಿಗರಿಗೆ ಉಳಿಯುವುದೆಷ್ಟು? ಸಿಂದಗಿ, ಇಂಡಿಯವರಿಗೆ ಉಳಿಯುವುದೆಷ್ಟು? ರಮೇಶ್ ಅವರ ಏಣಿಯ ತುದಿ ಎಲ್ಲರಿಗೂ ಕಾಣುತ್ತದೆ. ಕೆಳಗಿನ ನಾಲ್ಕು ಮೆಟ್ಟಿಲುಗಳೇ ಇಲ್ಲ.

ಆಡುವವರ ವಿಷಯದಲ್ಲಿ ಜಿಲ್ಲೆ ಬಡವಾಗಿಲ್ಲ ಎಂಬುದಕ್ಕೆ ರಾಜೇಶ್ವರಿ ಗಾಯಕವಾಡ ಸಾಕ್ಷಿ. ವಿಜಯಪುರದ ಈ ಎಡಗೈ ಸ್ಪಿನ್ನರ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ ಐದು ವಿಕೆಟ್ ಕಿತ್ತರು; 2023ರ ಮೊದಲ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಯುಪಿ ವಾರಿಯರ್ಸ್ ಸೇರಿದರು. ವಿಜಯಪುರದ ಸೈಕ್ಲಿಂಗ್ ಕ್ರೀಡಾ ನಿಲಯದಿಂದ ಬಂದ ಹುಡುಗ ಹುಡುಗಿಯರು ರಾಷ್ಟ್ರೀಯ ಕೂಟಗಳಲ್ಲಿ ಪದಕ ತರುತ್ತಲೇ ಇದ್ದಾರೆ. ಸೈಕ್ಲಿಂಗಿಗೆ ಅಲ್ಲಿ ನಿಲಯವಿದೆ, ಕೋಚ್ ಇದ್ದಾರೆ, ಅದಕ್ಕೇ ಪದಕವೂ ಇದೆ.

ಸರ್ಕಾರದ ಬಳಿ ಮಾದರಿಯೇ ಇಲ್ಲ ಎನ್ನುವಂತಿಲ್ಲ. ಕೇಂದ್ರದ ಖೇಲೋ ಇಂಡಿಯಾ ಯೋಜನೆಯಲ್ಲಿ ಹಳೆಯ ಚಾಂಪಿಯನ್ ಆಟಗಾರರನ್ನೇ ಕೋಚ್ ಮಾಡಿ ಸಣ್ಣ ಕೇಂದ್ರ ನಡೆಸುವ ಏರ್ಪಾಡಿದೆ. 2021ರಲ್ಲಿ ಕರ್ನಾಟಕಕ್ಕೆ ಇಂಥ 31 ಕೇಂದ್ರ ಮಂಜೂರಾದವು, ಒಟ್ಟು 3.10 ಕೋಟಿ ರೂಪಾಯಿ. ರಾಜ್ಯದ ಜಿಲ್ಲೆಗಳೂ 31. ಅಂದರೆ ಸರಾಸರಿ ಜಿಲ್ಲೆಗೊಂದು. ವಿಜಯಪುರ ಜಿಲ್ಲೆಯಲ್ಲಿ ಈಗ ಹಳೆಯವು ಹೊಸವು ಸೇರಿ 13 ತಾಲ್ಲೂಕು. ಮುದ್ದೇಬಿಹಾಳದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 80 ಕಿಲೋಮೀಟರ್; ಎಂಟನೇ ಇಯತ್ತೆಯ ಹುಡುಗ ಶಾಲೆ ಬಿಟ್ಟು ದಿನಾ ಬಸ್ ಹತ್ತಿ ಅಭ್ಯಾಸಕ್ಕೆ ಹೋಗಿ ಬರುವುದು ಸಾಧ್ಯವೇ?

ಕೋಚ್ ತಾಲ್ಲೂಕಿಗೆ ಬರಬೇಕು. ಒಬ್ಬರಿಗೆ ತಿಂಗಳಿಗೆ 25 ಸಾವಿರ ಎಂದಿಟ್ಟುಕೊಂಡರೂ ವರ್ಷಕ್ಕೆ ಮೂರು ಲಕ್ಷ. ಹದಿಮೂರು ತಾಲ್ಲೂಕಿಗೆ 39 ಲಕ್ಷ. ಶಾದ್ಲೂಯಿಯ ಒಂದು ಹರಾಜಿನ ಬೆಲೆಯಲ್ಲಿ ಇಡೀ ಜಿಲ್ಲೆಯ ಕಬಡ್ಡಿ ಕೋಚ್‌ಗಳಿಗೆ ಆರು ವರ್ಷ ಸಂಬಳ ಕೊಡಬಹುದು. ಲೀಗ್ ಖಾಸಗಿ ದುಡ್ಡು, ಇದು ಸಾರ್ವಜನಿಕ ದುಡ್ಡು, ಹೋಲಿಕೆ ಸರಿಯಲ್ಲ ಎನ್ನಬಹುದು. ಸರಿ, ಹಾಗಾದರೆ ಒಂದು ಡಾಂಬರು ರಸ್ತೆಯ ಎಸ್ಟಿಮೇಟ್ ಪಕ್ಕಕ್ಕಿಟ್ಟು ನೋಡಲಿ.

ಅರ್ಹತೆಯ ಪ್ರಶ್ನೆ ಎದ್ದೇ ಏಳುತ್ತದೆ. ಜಾತ್ರೆಯಲ್ಲಿ ಕೂಗಿದವರನ್ನೆಲ್ಲ ಕೋಚ್ ಮಾಡಲಾಗದು. ಹಾಗೆ ಮಾಡಿದರೆ ಪುಢಾರಿಗಳ ಹಿಂಬಾಲಕರೇ ಪಟ್ಟಿಯ ತುಂಬ ಇರುತ್ತಾರೆ. 1961ರಲ್ಲಿ ಆರಂಭವಾದ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ನಾವೆಲ್ಲ ಎನ್‌ಐಎಸ್ ಎನ್ನುವುದು, ಕೋಚ್‌ಗಳಿಗಾಗಿ ಡಿಪ್ಲೊಮಾ ಕೊಡುತ್ತದೆ. ಆರು ವಾರಗಳ ಸರ್ಟಿಫಿಕೇಟ್ ಕೋರ್ಸೂ ಇದೆ. ನಮ್ಮ ಕಡೆಯ ಆಟಗಾರನಿಗೆ ಅಡ್ಡ ಬರುವುದು ಆಟದ ಅರಿವಲ್ಲ. ಆರು ವಾರ ಕೂಲಿ ಬಿಟ್ಟರೆ ಮನೆ ನಡೆಯುವುದು ಹೇಗೆ ಎಂಬುದು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಆ ಖರ್ಚು ಹೊತ್ತು, ವಾಪಸ್ ಬಂದು ಐದು ವರ್ಷ ತಾಲ್ಲೂಕಿನಲ್ಲೇ ಕೆಲಸ ಮಾಡಬೇಕೆಂದು ಬರೆಸಿಕೊಳ್ಳಲಿ. ಪಾಠವನ್ನು ಕನ್ನಡದಲ್ಲಿ ನಡೆಸಿದರೆ ಇನ್ನೂ ಒಳ್ಳೆಯದು. ಗಾಯಕ್ಕೆ ಮೊದಲು ಐಸ್ ಇಡಬೇಕೋ ಮಸಾಜ್ ಮಾಡಬೇಕೋ ಎಂಬ ಒಂದೇ ವಿಷಯ ನೆಟ್ಟಗೆ ಗೊತ್ತಾದರೂ ಎಷ್ಟೋ ಹುಡುಗರ ಮೊಣಕಾಲು ಉಳಿಯುತ್ತದೆ.

ಹುಡುಗಿಯರ ಮಾತು ಬಂದರೆ ಏಣಿಗೆ ತುದಿಯೂ ಇಲ್ಲ. 2016ರಲ್ಲಿ ಪ್ರೊ ಕಬಡ್ಡಿಯವರು ಮೂರು ತಂಡಗಳ ಮಹಿಳಾ ಪಂದ್ಯಾವಳಿ ಮಾಡಿದರು. ಫೈನಲ್‌ನಲ್ಲಿ ಎರಡೂ ತಂಡಗಳ ನಾಯಕಿಯರು ಕರ್ನಾಟಕದವರೇ: ತೇಜಸ್ವಿನಿ ಬಾಯಿ, ಮಮತಾ ಪೂಜಾರಿ. ತೇಜಸ್ವಿನಿಯವರ ತಂಡ 24–23ರಿಂದ ಗೆದ್ದಿತು. ಒಂದೇ ಪಾಯಿಂಟಿನ, ಉಸಿರು ಬಿಗಿಹಿಡಿಸುವ ಫೈನಲ್. ಮರುವರ್ಷ ಆ ಪಂದ್ಯಾವಳಿ ನಡೆಯಲೇ ಇಲ್ಲ. 2014ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದ ನಾಯಕಿಯಾಗಿದ್ದ ತೇಜಸ್ವಿನಿ ಆಮೇಲೆ ಕೋಚ್ ಆದರು. 2025ರ ನವೆಂಬರಿನಲ್ಲಿ ಢಾಕಾದಲ್ಲಿ ಮಹಿಳಾ ವಿಶ್ವಕಪ್ ಗೆದ್ದ ಭಾರತ ತಂಡಕ್ಕೆ ತರಬೇತಿ ಕೊಟ್ಟವರು ಅವರೇ. ಮಹಾರಾಷ್ಟ್ರದ ಶೈಲಜಾ ಜೈನ್ ಅವರಂತೂ ಇರಾನಿಗೆ ಹೋಗಿ, 2018ರ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಭಾರತದ ಮಹಿಳೆಯರನ್ನೇ ಸೋಲಿಸುವ ತಂಡ ಕಟ್ಟಿದರು. ನಮ್ಮಲ್ಲಿ ಕೆಲಸ ಸಿಗದ ಕೋಚ್ ಬೇರೆಯವರಿಗೆ ಏನು ಮಾಡಿಕೊಡಬಲ್ಲರು ಎಂದು ಅವತ್ತು ಜಕಾರ್ತದಲ್ಲಿ ಗೊತ್ತಾಯಿತು.

ಆದ್ದರಿಂದ ಹದಿಮೂರು ಹುದ್ದೆ ಮಾಡುವುದಾದರೆ ಆರೇಳು ಹೆಣ್ಣುಮಕ್ಕಳಿಗೆ ಮೀಸಲಾಗಿರಲಿ. ಹತ್ತನೇ ಇಯತ್ತೆಯ ಹುಡುಗಿಯನ್ನು ಸಂಜೆ ಆರರ ಅಭ್ಯಾಸಕ್ಕೆ ಕಳಿಸಲು ಒಲ್ಲೆನ್ನುವ ತಂದೆ ತಾಯಿ, ಅಲ್ಲಿ ಅಕ್ಕೋರು ಇದ್ದಾರೆ ಎಂದರೆ ಕಳಿಸಿಯಾರು. ಜಿಲ್ಲಾ ಪಂಚಾಯಿತಿಯ ಮುಂದಿನ ಬಜೆಟ್ ಸಭೆಯಲ್ಲಿ ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿಯ ಶಾಸಕರು ಕೇಳಬೇಕಾದದ್ದು ಇನ್ನೊಂದು ಕ್ರೀಡಾಂಗಣದ ಗ್ಯಾಲರಿಯನ್ನಲ್ಲ. ಈಗಿರುವ ಬಯಲಿಗೆ ಸಂಜೆ ನಾಲ್ಕೂವರೆಗೆ ಸೀಟಿ ಹಿಡಿದು ಬರುವ, ತಿಂಗಳ ಕೊನೆಗೆ ಸಂಬಳ ಎಣಿಸುವ ಒಬ್ಬೊಬ್ಬರನ್ನು ಕೇಳಲಿ. ಅಧಿಕಾರಿಗಳು ಹುದ್ದೆ ಇಲ್ಲ ಎಂದರೆ, ವಿಜಯಪುರದ ಸೈಕ್ಲಿಂಗ್ ನಿಲಯಕ್ಕೆ ಆ ಹುದ್ದೆ ಎಲ್ಲಿಂದ ಬಂತು ಎಂದು ಮರುಪ್ರಶ್ನೆ ಹಾಕಲಿ.